ಹಣದ ಆಟ ನಿಂತಿತು, ಪೆಟ್ಟಿಗೆಯ ಆಟ ಉಳಿಯಿತು

ಬನ್ನಂಜೆಯಲ್ಲಿರುವ ಉಡುಪಿ ಜಿಲ್ಲಾ ಪೊಲೀಸ್ ಕಚೇರಿಯಿಂದ ಹೊರಡುವ ಪ್ರಕಟಣೆಗಳಲ್ಲಿ ಮಟ್ಕಾ ಚೀಟಿ, ಅಂದರ್ ಬಾಹರ್, ಕೋಳಿ ಅಂಕ ಎಂದೂ ತಪ್ಪಿದ್ದಲ್ಲ. ಕಾಪುವಿನಲ್ಲಾಗಲಿ ಕಾರ್ಕಳದಲ್ಲಾಗಲಿ ಮಟ್ಕಾ ಬರೆದು ಸಿಕ್ಕಿಬಿದ್ದವನ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಮಿನಡಿ ಕೇಸು ಬೀಳುತ್ತದೆ. ಲಾಟರಿಯನ್ನು ರಾಜ್ಯ 2007ರಲ್ಲೇ ನಿಲ್ಲಿಸಿತು. ಆದರೆ ಇದೇ ಊರುಗಳಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಅಪ್ಪನ ಫೋನಿನಿಂದ ಹಣ ಕಟ್ಟಿ, ಒಳಗೇನಿದೆಯೆಂದು ಗೊತ್ತಿಲ್ಲದ ಪೆಟ್ಟಿಗೆ ಒಡೆಯುತ್ತಿದ್ದರೆ ಅದನ್ನು ಏನೆಂದು ಕರೆಯಬೇಕೆಂಬುದನ್ನೂ ನಮ್ಮ ಕಾನೂನು ಹೇಳುವುದಿಲ್ಲ.

ಬಿಜಿಎಂಐ ಎಂಬ ಮೊಬೈಲ್ ಆಟವಾಡುವ ಮಕ್ಕಳು ಇದಕ್ಕೆ 'ಯುಸಿ ಹಾಕಿಸಿ ಕ್ರೇಟ್ ಓಪನ್ ಮಾಡಿದೆ' ಅನ್ನುತ್ತಾರೆ. ಫ್ರೀ ಫೈರ್ ಮ್ಯಾಕ್ಸ್‌ನವರ ಬಾಯಲ್ಲಿ ಅದು ಡೈಮಂಡ್ ಮತ್ತು ಸ್ಪಿನ್. ರೂಪಾಯಿ ಮೊದಲು ಆಟದೊಳಗಿನ ನಾಣ್ಯವಾಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಖರ್ಚಾಯಿತೆಂಬ ಅಂದಾಜು ದೊಡ್ಡವರಿಗೇ ಸಿಗುವುದಿಲ್ಲ. ಸಿಗುವ ವಸ್ತು ಬಂದೂಕಿನ ಬಣ್ಣವೋ, ಪಾತ್ರದ ಉಡುಪೋ ಆಗಿರಬಹುದು. ಗೆಳೆಯರ ಗುಂಪಿನಲ್ಲಿ ಅದಕ್ಕಿರುವ ಬೆಲೆಯನ್ನು ಹಗುರವಾಗಿ ಕಾಣಬೇಡಿ. ಜಪಾನಿನಲ್ಲಿ ಬೆಳೆದ ಈ ಪದ್ಧತಿಗೆ ಗಾಚಾ ಎಂದು ಹೆಸರು.

ಇದರ ಲೆಕ್ಕ ಮಕ್ಕಳನ್ನು ಹೇಗೆ ದಾರಿ ತಪ್ಪಿಸುತ್ತದೆ ನೋಡಿ. ಅಪರೂಪದ ವಸ್ತು ಸಿಗುವ ಸಾಧ್ಯತೆ ಶೇ 1 ಎಂದಿದ್ದರೆ, ನೂರು ಪೆಟ್ಟಿಗೆ ಒಡೆದರೆ, ಅಂದರೆ ನೂರು ಸಲ ಎಳೆದರೆ, ಒಮ್ಮೆಯಾದರೂ ಸಿಕ್ಕೀತು ಎಂದು ಮಗು ನಂಬುತ್ತದೆ. ನಿಜದಲ್ಲಿ ನೂರು ಸಲ ಎಳೆದವರ ಪೈಕಿ ಸುಮಾರು ಶೇ 37 ಮಂದಿಗೆ ಅದು ಒಮ್ಮೆಯೂ ಸಿಗುವುದಿಲ್ಲ. ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ಹೆಸರಾಂತ ಆಟದಲ್ಲಿ ಪಂಚತಾರಾ ಪಾತ್ರದ ಮೂಲ ಸಾಧ್ಯತೆ ಶೇ 0.6 ಮಾತ್ರ. ತೊಂಬತ್ತನೇ ಎಳೆತಕ್ಕೆ ಪಂಚತಾರಾ ಬಹುಮಾನವೊಂದು ಖಚಿತ ಎಂಬ ಭರವಸೆಯೂ ಅಲ್ಲಿದೆ. ಎಪ್ಪತ್ತು ಸಲ ಕಳೆದುಕೊಂಡವನನ್ನು ಎದ್ದುಹೋಗದಂತೆ ಹಿಡಿದಿಡುವುದು ಆ ಭರವಸೆಯೇ. ಈ ಆಟದ ಕಂಪನಿ 2025ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗಿನ ರಾಜಿಯಲ್ಲಿ 2 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಹೆತ್ತವರ ಒಪ್ಪಿಗೆಯಿಲ್ಲದೆ 16 ವರ್ಷದೊಳಗಿನವರಿಗೆ ಇಂಥ ಪೆಟ್ಟಿಗೆ ಮಾರುವುದಿಲ್ಲವೆಂದೂ ಒಪ್ಪಿಕೊಂಡಿತು. ಆ ರಕ್ಷಣೆ ಅಲ್ಲಿನ ಮಕ್ಕಳಿಗೆ. ಮಣಿಪಾಲದ ಮಗುವಿಗೆ ಇಲ್ಲ.

ನಮ್ಮಲ್ಲಿ ಆಗಿರುವುದಾದರೂ ಏನು? ಆನ್‌ಲೈನ್ ಬಾಜಿಯನ್ನು ನಿಷೇಧಿಸಲು ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಅದು ಆಗಲೇಬೇಕಿದ್ದ ಕೆಲಸ. ಆದರೆ ಆ ಕಾಯ್ದೆಯ ಕೇಂದ್ರದಲ್ಲಿರುವುದು ಗೆದ್ದರೆ ಸಿಗುವ ಲಾಭ. ಕ್ರೇಟಿನಲ್ಲಿ ಸಿಕ್ಕಿದ ಉಡುಪನ್ನು ನಗದು ಮಾಡಿಕೊಳ್ಳಲು ಬಾರದು, ಹಾಗಾಗಿ ಇದು ಹಣದ ಆಟವೇ ಅಲ್ಲ ಎಂದು ವಾದಿಸಲು ಕಂಪನಿಗಳಿಗೆ ಬೇಕಾದಷ್ಟು ಜಾಗವಿದೆ. ನಮಗೆ ಅತ್ಯಂತ ಕಳವಳವಾಗುವುದು ಇಲ್ಲೇ. ಮಟ್ಕಾದಲ್ಲಿ ಎಂದಾದರೊಮ್ಮೆ ಹಣ ಮರಳುತ್ತದೆ, ಇಲ್ಲಿ ಎಂದೂ ಮರಳುವುದಿಲ್ಲ. ಕಾನೂನಿನ ಕಣ್ಣಿಗೆ ಮಾತ್ರ ಇದೇ ನಿರಪಾಯ! ಬಿಜಿಎಂಐ 2021ರಲ್ಲಿ ಬಂದಾಗ ಅಪ್ರಾಪ್ತರಿಗೆ ಕಂಪನಿಯೇ ಹಾಕಿದ ಖರ್ಚಿನ ಮಿತಿ ದಿನಕ್ಕೆ 7,000 ರೂಪಾಯಿ. ಈ ಜಿಲ್ಲೆಯ ಎಷ್ಟು ಮನೆಗಳಲ್ಲಿ ಒಂದು ದಿನಕ್ಕೆ ಅಷ್ಟು ದುಡಿಮೆಯಿದೆ?

ಬೆಲ್ಜಿಯಂ 2018ರಲ್ಲೇ ಹಣ ಕೊಟ್ಟು ಒಡೆಯುವ ಪೆಟ್ಟಿಗೆಗಳನ್ನು ಜೂಜೆಂದಿತು. ಬ್ರೆಜಿಲ್ 2025ರಲ್ಲಿ ಮಕ್ಕಳ ಮಟ್ಟಿಗೆ ನಿಷೇಧಿಸುವ ಕಾನೂನು ಮಾಡಿತು. ದಕ್ಷಿಣ ಕೊರಿಯಾದಲ್ಲಿ 2024ರ ಮಾರ್ಚ್‌ನಿಂದ ಸಾಧ್ಯತೆಗಳನ್ನು ಬಹಿರಂಗಪಡಿಸುವುದು ಕಡ್ಡಾಯ. ನಮ್ಮಲ್ಲೂ ಕೇಂದ್ರದ ಕಾಯ್ದೆ ಹೇಳುವ ಗೇಮಿಂಗ್ ಪ್ರಾಧಿಕಾರ 18 ವರ್ಷದೊಳಗಿನವರಿಗೆ ಅದೃಷ್ಟದ ಪೆಟ್ಟಿಗೆ ಮಾರುವುದನ್ನು ತಡೆಯಬೇಕು. ಉಳಿದವರಿಗೆ ಪ್ರತಿ ಎಳೆತದ ಬೆಲೆಯನ್ನು ರೂಪಾಯಿಯಲ್ಲಿ, ಸಾಧ್ಯತೆಯನ್ನು ಕನ್ನಡದಲ್ಲಿ, ಒತ್ತುವ ಗುಂಡಿಯ ಪಕ್ಕದಲ್ಲೇ ತೋರಿಸಬೇಕು.

ಅಲ್ಲಿಯವರೆಗೆ ಮನೆಯವರು ಕಾಯುತ್ತ ಕೂರಬಾರದು. ಸೈಬರ್ ವಂಚನೆಗೆ 1930 ಸಹಾಯವಾಣಿಯಿದೆ. ಆದರೆ ಮಗು ತಾನೇ ಗುಂಡಿ ಒತ್ತಿ ಕೊಂಡದ್ದು ವಂಚನೆಯ ದೂರಾಗುವುದು ಕಷ್ಟ. ಗೂಗಲ್ ಪ್ಲೇನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಂದೇ ಬದಲಿಸಿ, ಯುಪಿಐ ಪಿನ್ ಮಕ್ಕಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಹಣ ಹೋದದ್ದು ಗೊತ್ತಾದರೆ 48 ಗಂಟೆಯೊಳಗೆ ಗೂಗಲ್ ಪ್ಲೇನಲ್ಲೇ ಮರುಪಾವತಿಗೆ ಅರ್ಜಿ ಹಾಕಿ.