ರದ್ದತಿ ಮಸೂದೆ ಸದನಕ್ಕೆ ಬರಲಿ, ವೋಟಿಗೆ ಬೀಳಲಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬಂಧುಗಳೇ,

ಮತಾಂತರ ನಿಷೇಧ ಕಾಯ್ದೆಯನ್ನು ರದ್ದು ಮಾಡುವುದಾಗಿ 2023ರ ಜೂನ್ 15ರಂದು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಜುಲೈ ಅಧಿವೇಶನದಲ್ಲೇ ಮಸೂದೆ ಬರುತ್ತದೆ ಎಂದರು. ಅಧಿವೇಶನ ಮುಗಿಯಿತು, ಮಸೂದೆ ಪಾಸಾಗಲಿಲ್ಲ.

ಅದರಿಂದ ನಮಗೇನು ಎನ್ನುವವರು ಸ್ವಲ್ಪ ಕೇಳಿ. ನಮ್ಮೂರಿನ ದಲಿತ ಹುಡುಗನೊಬ್ಬ ಬುದ್ಧನ ದಾರಿ ಹಿಡಿಯಬೇಕೆಂದುಕೊಂಡ ಎನ್ನಿ. (ಊಹೆಯ ಮಾತಲ್ಲ, 2022ರ ಅಕ್ಟೋಬರ್‌ನಲ್ಲಿ ಪಕ್ಕದ ಸುರಪುರದಲ್ಲಿ ನೂರಾರು ಜನ ದೀಕ್ಷೆ ಪಡೆದರು.) 30 ದಿನ ಮೊದಲೇ ಅವನು ಡಿಸಿ ಕಚೇರಿಗೆ ಫಾರಂ ಕೊಡಬೇಕು. ಅದನ್ನು ಅಲ್ಲಿಯ ಹಾಗೂ ತಹಶೀಲ್ ಕಚೇರಿಯ ನೋಟಿಸ್ ಬೋರ್ಡಿಗೆ ಹಚ್ಚಿ ಆಕ್ಷೇಪಣೆ ಕರೆಯುತ್ತಾರೆ. ಪಹಣಿ ತೆಗೆಸಲು ಬಂದ ಸಾಹುಕಾರರೂ ಓದುತ್ತಾರೆ, ಅವನು ಕೂಲಿಗೆ ಹೋಗುವುದು ಅವರ ತೊಗರಿ ಹೊಲಕ್ಕೇ. ದೀಕ್ಷೆಯಾದ ಮೇಲೆ ಮತ್ತೊಂದು ಫಾರಂ. ಆಮಿಷವೊಡ್ಡಿದರೆಂದು ಸಂಬಂಧಿಕರೋ ಜೊತೆ ಕೆಲಸದವರೋ ದೂರಿದರೆ ದೀಕ್ಷೆ ಕೊಟ್ಟ ಭಂತೇಜಿಯ ಮೇಲೆ ಜಾಮೀನುರಹಿತ ಕೇಸು. ಒಡ್ಡಿಲ್ಲವೆಂದು ಸಾಬೀತು ಮಾಡುವ ಹೊಣೆಯೂ ಅವರದೇ. ಹಿಂದಿನ ಧರ್ಮಕ್ಕೆ ಮರಳುವವರಿಗೆ ಮಾತ್ರ ಯಾವ ಫಾರಮ್ಮೂ ಇಲ್ಲ!

ಹೆಣ್ಣುಮಕ್ಕಳನ್ನು, ಪರಿಶಿಷ್ಟರನ್ನು ಈ ಕಾಯ್ದೆ ಅಪ್ರಾಪ್ತರು, ಮಾನಸಿಕ ಅಸ್ವಸ್ಥರ ಸಾಲಿಗೆ ಸೇರಿಸಿದೆ. ಬೇರೆಯವರ ವಿಷಯದಲ್ಲಿ ಶಿಕ್ಷೆ 3ರಿಂದ 5 ವರ್ಷ, ಇವರ ವಿಷಯದಲ್ಲಿ 10ರವರೆಗೆ. ಎಂದರೆ ಇವರಿಗೆ ಸ್ವಂತ ಬುದ್ಧಿಯಿಲ್ಲ ಎಂದೇ ಲೆಕ್ಕ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಬೌದ್ಧರಾದ ಲಕ್ಷಾಂತರ ಜನರಿಗೂ ಬುದ್ಧಿಯಿರಲಿಲ್ಲವೇ?

ಬಲವಂತ, ಮೋಸ ಮಾಡುವವರಿಗೆ ಶಿಕ್ಷೆ ಬೇಡವೇ ಎನ್ನಬಹುದು. ಬೇಕು. ಬೆದರಿಕೆಗೂ ವಂಚನೆಗೂ ಮೊದಲಿನಿಂದಲೂ ಕಾನೂನಿದೆ. ಮತಾಂತರಕ್ಕೆ 30 ದಿನ ಮೊದಲೇ ನೋಟಿಸ್ ಕೊಡಬೇಕೆಂಬ ಅಲ್ಲಿನ ಕಾಯ್ದೆಯ ನಿಯಮವನ್ನು ಹಿಮಾಚಲ ಹೈಕೋರ್ಟ್ 2012ರಲ್ಲೇ ಹೊಡೆದುಹಾಕಿತ್ತು.

ರದ್ದತಿ ಮಸೂದೆಗೆ ವಿಧಾನ ಪರಿಷತ್ತಿನಲ್ಲಿ ಬಲವಿರಲಿಲ್ಲ ಎಂಬ ಸಬೂಬು ಬೇಡ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಯನ್ನು ಒಪ್ಪಿದಾಗ ಆಗಿನ ಸರ್ಕಾರಕ್ಕೂ ಪರಿಷತ್ತಿನಲ್ಲಿ ಬಹುಮತವಿರಲಿಲ್ಲ. ಅವರು ಸುಮ್ಮನೆ ಕೂತರೇ? 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದರು, ಸೆಪ್ಟೆಂಬರ್‌ನಲ್ಲಿ ಪರಿಷತ್ತನ್ನೂ ದಾಟಿಸಿದರು. ಹಕ್ಕು ಕಸಿಯುವವರಿಗಿದ್ದ ಹಟ ಮರಳಿಸುತ್ತೇವೆ ಎಂದವರಿಗೆ ಏಕಿಲ್ಲ? ಸೋತರೂ ಸರಿ, ಮಂಡಿಸಿ. ಯಾರು ಯಾವ ಕಡೆ ಎಂಬುದಾದರೂ ಕಡತಕ್ಕೆ ಬರಲಿ.

2023ರಲ್ಲಿ ನಾವು ಗೆಲ್ಲಿಸಿದ ಬಿ.ಆರ್. ಪಾಟೀಲ, ಎಂ.ವೈ. ಪಾಟೀಲ, ಅಜಯ್ ಸಿಂಗ್ ಮೂವರೂ ಆಡಳಿತ ಪಕ್ಷದವರು. ಊರಿಗೆ ಬಂದಾಗ ರಸ್ತೆ, ತೊಗರಿ ದರದ ಜೊತೆ ಇದನ್ನೂ ಕೇಳಿ: ಮಸೂದೆ ಯಾವಾಗ? ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ, ನಕಲನ್ನು ಅವರ ಕಚೇರಿಗೆ ಮುಟ್ಟಿಸಿ ಸ್ವೀಕೃತಿ ಪಡೆಯಿರಿ.