ಪ್ರಾಪ್ತವಯಸ್ಕ ವಿದ್ಯಾರ್ಥಿನಿಯೂ ದೇವರ ಕರೆಯೂ



ಎರಡು ವರುಷಗಳ ಹಿಂದೆ ಜೂನ್ ತಿಂಗಳ ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಪ್ರಮಾಣಪತ್ರದ ನಕಲಿಗಾಗಿ ನಮ್ಮ ಕೊಠಡಿಗೆ ಬಂದಳು. ವಯಸ್ಸು ಮೂವತ್ತನಾಲ್ಕು, ಗಂಡನನ್ನು ಕಳೆದುಕೊಂಡವಳು, ಇಬ್ಬರು ಮಕ್ಕಳ ತಾಯಿ. ಕಾಲೇಜು ಸೇರಬೇಕೆಂಬುದು ಅವಳ ಆಶೆ. ನಕಲು ಕೈಸೇರಿದ ಮೇಲೂ ಅವಳು ಏಳಲಿಲ್ಲ. "ಟೀಚರಮ್ಮಾ, ಈ ವಯಸ್ಸಿನಲ್ಲಿ ಓದಿ ಏನು ಮಾಡುತ್ತೀ ಎಂದು ಎಲ್ಲರೂ ಕೇಳುತ್ತಾರೆ. ನನಗೇ ಗೊತ್ತಿಲ್ಲ. ದೇವರ ಚಿತ್ತ ತಿಳಿಯುವ ತನಕ ಪ್ರಾರ್ಥಿಸುತ್ತ ಕಾದಿರು ಎಂದು ಹಿರಿಯರು ಹೇಳುತ್ತಾರೆ. ತಿಳಿಯದೆ ಸೇರಿದರೆ ತಪ್ಪಾದೀತೇ?" ಎಂದು ಕೇಳಿದಳು.

ನಾವು ಕೂಡಲೇ ಉತ್ತರ ಕೊಡಲಾರದೆ ಹೋದೆವು. ಕಾರಣವನ್ನು ಮರೆಮಾಚುವುದಿಲ್ಲ. ಹದಿನೈದು ವರುಷಗಳ ಹಿಂದೆ, ನಾವಿನ್ನೂ ಸಹೋಪಾಧ್ಯಾಯಿನಿಯಾಗಿದ್ದಾಗ, ಇಂಥದೇ ಸ್ಥಿತಿಯಲ್ಲಿ ಬಂದ ಇನ್ನೊಬ್ಬಳಿಗೆ, "ಮಕ್ಕಳನ್ನು ಸಾಕು, ಹೊಲಿಗೆ ಕಲಿ, ಉಳಿದುದನ್ನು ದೇವರು ನೋಡಿಕೊಳ್ಳುವನು" ಎಂದು ಬುದ್ಧಿ ಹೇಳಿ ಕಳುಹಿಸಿದ್ದೆವು. ಅದು ಭಕ್ತಿಯ ಮಾತೆಂದೇ ಆಗ ನಮಗೆ ತೋರಿತ್ತು. ಹೊಲಿಗೆಯನ್ನು ನಾವು ಹಳಿಯುವವರಲ್ಲ. ಆದರೆ ಅವಳು ಕೇಳಿಬಂದದ್ದು ಹೊಲಿಗೆಯನ್ನಲ್ಲ. ಅವಳು ತಿರುಗಿ ಬರಲೇ ಇಲ್ಲ.

ಗುರಿ ಮೊದಲು ತಿಳಿಯಬೇಕು, ಓದು ಆಮೇಲೆ ಎಂಬ ಕ್ರಮವನ್ನು ದೇವರು ಎಲ್ಲರ ವಿಷಯದಲ್ಲಿಯೂ ಇಟ್ಟಿರುವನೆಂದು ಈಗ ನಾವು ನಂಬುವುದಿಲ್ಲ. ನಮ್ಮ ಅಭಿಪ್ರಾಯವನ್ನು ಬದಲಿಸಿದ್ದು, ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಬ್ಬ ಮಹಿಳೆಯ ಚರಿತ್ರೆ.

ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಪಂಡಿತೆ ರಮಾಬಾಯಿಯವರು ಜನಿಸಿದರು. ತಂದೆ ಅನಂತಶಾಸ್ತ್ರಿಗಳು ಜನರ ವಿರೋಧವನ್ನು ಲೆಕ್ಕಿಸದೆ ಹೆಂಡತಿಗೆ ಸಂಸ್ಕೃತ ಕಲಿಸಿದವರು; ಆ ತಾಯಿಯೇ ಮಗಳಿಗೆ ಗುರುವಾದಳು. ಕ್ಷಾಮದ ಕಾಲದಲ್ಲಿ ತಾಯಿತಂದೆಗಳು ತೀರಿಕೊಂಡರು. ಅಣ್ಣನೊಡನೆ ಊರೂರು ನಡೆದು ಕಲ್ಕತ್ತೆ ಸೇರಿದ ರಮಾಬಾಯಿಯವರಿಗೆ ಅಲ್ಲಿಯ ವಿದ್ವಾಂಸರು 1878ರಲ್ಲಿ 'ಪಂಡಿತಾ' ಎಂಬ ಬಿರುದನ್ನಿತ್ತರು. 1880ರಲ್ಲಿ ಅಣ್ಣನೂ 1882ರಲ್ಲಿ ಪತಿಯೂ ತೀರಿಹೋದರು. ಇಪ್ಪತ್ತುನಾಲ್ಕು ತುಂಬುವುದರೊಳಗೆ ವಿಧವೆ, ಮಡಿಲಲ್ಲಿ ಹೆಣ್ಣುಕೂಸು.

1883ರಲ್ಲಿ ಅವರು ವೈದ್ಯವಿದ್ಯೆ ಕಲಿಯುವ ಉದ್ದೇಶದಿಂದ ಇಂಗ್ಲೆಂಡಿಗೆ ಹೋದರು. ಗುರಿ ಸ್ಪಷ್ಟವಾಗಿತ್ತೆಂಬುದನ್ನು ಗಮನಿಸಿರಿ. ಆದರೆ ಕಿವಿ ಸರಿಯಾಗಿ ಕೇಳಿಸದ ಕಾರಣ ಆ ಬಾಗಿಲು ಮುಚ್ಚಿತು. ಅವರು ತಂಗಿದ್ದುದು ವಾಂಟೇಜಿನ ಕ್ರೈಸ್ತ ಸಹೋದರಿಯರ ಮಠದಲ್ಲಿ. ಆ ಸಹೋದರಿಯರು ಲಂಡನಿನ ಫುಲ್ಹಮಿನಲ್ಲಿ ದಾರಿತಪ್ಪಿದ ಹೆಂಗಸರಿಗಾಗಿ ನಡೆಸುತ್ತಿದ್ದ ಆಶ್ರಯಮಂದಿರವನ್ನು ರಮಾಬಾಯಿಯವರು ಕಂಡರು. ಲೋಕವು ತಳ್ಳಿಬಿಟ್ಟವರನ್ನು ಇವರು ಏತಕ್ಕಾಗಿ ಪ್ರೀತಿಸುತ್ತಾರೆ ಎಂದು ಕೇಳಿದಾಗ, ಒಬ್ಬ ಸಹೋದರಿಯು ಯೋಹಾನನ ಸುವಾರ್ತೆಯಿಂದ ಸಮಾರ್ಯದ ಸ್ತ್ರೀಯ ವೃತ್ತಾಂತವನ್ನು ಓದಿ ಹೇಳಿದಳಂತೆ. ಅದೇ ವರುಷದ ಸೆಪ್ಟೆಂಬರಿನಲ್ಲಿ ಅವರು ದೀಕ್ಷಾಸ್ನಾನ ಹೊಂದಿದರು.

ಇಲ್ಲಿಗೆ ಕಥೆ ಮುಗಿಯಿತೆಂದು ನಮ್ಮ ಭಾನುವಾರದ ಶಾಲೆಗಳಲ್ಲಿ ಹೇಳಿಬಿಡುವುದುಂಟು. ಮುಗಿಯಲಿಲ್ಲ. 1884ರಲ್ಲಿ ಅವರು ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜನ್ನು ಸೇರಿದಾಗ ಮಗಳಿಗೆ ಮೂರು ವರುಷ. ಪ್ರಾಂಶುಪಾಲರಾಗಿದ್ದವರು ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದು ಹೆಸರಾದ ಡೊರೊಥಿಯಾ ಬೀಲ್. ಓದುತ್ತಿದ್ದ ಆ ಕಾಲದಲ್ಲಿ ರಮಾಬಾಯಿಯವರು ತ್ರಿಯೇಕತ್ವದ ಬೋಧನೆ ಮೊದಲಾದ ವಿಷಯಗಳಲ್ಲಿ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದರು. ವಾಂಟೇಜಿನ ಸಹೋದರಿ ಜೆರಾಲ್ಡೀನ್ ಅದನ್ನು ಗರ್ವವೆಂದು ಗದರಿಸಿದರು. ರಮಾಬಾಯಿಯವರು ತಮಗೆ ತಮ್ಮದೇ ಅಂತಃಕರಣವಿದೆ ಎಂಬ ನಿಲುವನ್ನು ಬಿಡಲಿಲ್ಲ. ಈ ಪತ್ರಗಳು 1977ರಲ್ಲಿ ಅಚ್ಚಾಗಿವೆ. ಪತ್ರ ಬರೆದ ಇಬ್ಬರಲ್ಲಿಯೂ ನಮಗೆ ಗೌರವವಿದೆ. ಆದರೂ ಓದುವಾಗ ನಮ್ಮ ಮನಸ್ಸು ವಿದ್ಯಾರ್ಥಿನಿಯ ಕಡೆಗೇ ವಾಲುತ್ತದೆ. ಗದರಿಸುವ ಸ್ಥಾನದಲ್ಲಿ ನಾವೂ ಕುಳಿತವರಲ್ಲವೇ?

1886ರಲ್ಲಿ ಅಮೇರಿಕೆಗೆ ಹೋಗಿ ಅಲ್ಲಿ ಶಿಶುವಿಹಾರ ಪದ್ಧತಿಯನ್ನು ಅಭ್ಯಾಸಮಾಡಿದರು. 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮುಂದೆ ಕೇಡಗಾಂವದ ಮುಕ್ತಿ ಸಂಸ್ಥೆ ಬೆಳೆದದ್ದು ಅನೇಕರಿಗೆ ತಿಳಿದದ್ದೇ. ನಮಗೆ ಅತ್ಯಂತ ಮುಖ್ಯವಾಗಿ ತೋರುವ ಸಂಗತಿ ಬೇರೆ. ಕ್ರಿಸ್ತನಲ್ಲಿ ತಮಗೆ ಪೂರ್ಣ ಭರವಸೆ ಹುಟ್ಟಿದ್ದು ಸ್ನಾನವಾಗಿ ಸುಮಾರು ಎಂಟು ವರುಷಗಳಾದ ಮೇಲೆ, 1891ರಲ್ಲಿ, ಎಂದು ಅವರೇ ಬರೆದಿಟ್ಟಿದ್ದಾರೆ. ಅಂದರೆ ಕಾಲೇಜಿನಲ್ಲಿದ್ದಾಗ ಅವರಿಗೆ ಮುಂದಿನ ಕೆಲಸವೂ ಪೂರ್ತಿಯಾಗಿ ಕಂಡಿರಲಿಲ್ಲ, ವಿಶ್ವಾಸವೂ ನೆಲೆನಿಂತಿರಲಿಲ್ಲ. ಸದನದ ಬಾಗಿಲು ಮೊದಲು ತೆರೆಯಿತು. ಮನಶ್ಶಾಂತಿ ಆಮೇಲೆ ಬಂತು. ದಿನದ ಪಾಠವನ್ನು ದಿನಕ್ಕೆ ಓದುತ್ತ, ಕೇಳಬೇಕಾದುದನ್ನು ಕೇಳುತ್ತ ಹೋದವರಿಗೆ ದಾರಿ ಸ್ವಲ್ಪ ಸ್ವಲ್ಪವಾಗಿ ಕಂಡಿತು. ಇದೂ ವಿಶ್ವಾಸವೇ ಎಂದು ನಾವು ಹೇಳುತ್ತೇವೆ.

ಆದಕಾರಣ ತಾಯಿತಂದೆಗಳಲ್ಲಿಯೂ, ವಿಶೇಷವಾಗಿ ಅತ್ತೆಮಾವಂದಿರಲ್ಲಿಯೂ ನಮ್ಮ ಬಿನ್ನಹವಿಷ್ಟೇ. ಮನೆಯ ಮಗಳಾಗಲಿ ಸೊಸೆಯಾಗಲಿ ಮೂವತ್ತು ದಾಟಿದ ಮೇಲೆ ಓದುತ್ತೇನೆಂದರೆ, "ದೇವರು ನಿನ್ನನ್ನು ಯಾವುದಕ್ಕೆ ಕರೆದಿದ್ದಾನೆ, ಹೇಳು" ಎಂದು ಅವಳನ್ನು ಪರೀಕ್ಷಿಸಬೇಡಿರಿ. ಹದಿನೆಂಟರ ಹುಡುಗನನ್ನು ಕಾಲೇಜಿಗೆ ಕಳುಹಿಸುವಾಗ ಯಾರೂ ಹಾಗೆ ಕೇಳುವುದಿಲ್ಲ. ಬದಲಾಗಿ ಸಂಜೆ ಎರಡು ಗಂಟೆ ಮಕ್ಕಳನ್ನು ನೋಡಿಕೊಳ್ಳಿರಿ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಮನೆಯಲ್ಲಿದ್ದೇ ಓದುವ ಅನುಕೂಲವುಂಟು. ಆದರೆ ಮನೆಯಲ್ಲಿ ಓದಲು ಹೊತ್ತು ಸಿಗಬೇಕಷ್ಟೆ.

ಆ ಸಂಜೆ ನಾವು ಅವಳಿಗೆ ಕೊನೆಗೆ ಹೇಳಿದ್ದು, "ಸೇರು, ಪ್ರಾರ್ಥನೆಯನ್ನು ಅಲ್ಲಿಯೂ ಮಾಡಬಹುದು" ಎಂದು. ಈಗ ಅವಳು ಎರಡನೆಯ ವರುಷದಲ್ಲಿದ್ದಾಳೆ. ಮುಂದೇನು ಎಂಬುದು ಇನ್ನೂ ಗೊತ್ತಾಗಿಲ್ಲವೆಂದು ನಗುತ್ತ ಹೇಳುತ್ತಾಳೆ. ಮೊದಲು ಅದನ್ನೇ ಅಳುತ್ತ ಹೇಳಿದ್ದಳು. ಶನಿವಾರ ಮಧ್ಯಾಹ್ನ ನಮ್ಮ ವಾಚನಾಲಯಕ್ಕೆ ಬಂದು ಓದುತ್ತಾಳೆ. ಈಚೆಗೆ ಇನ್ನಿಬ್ಬರು ಹಳೆಯ ವಿದ್ಯಾರ್ಥಿನಿಯರೂ ಜೊತೆಗೂಡಿದ್ದಾರೆ. ಹುಡುಗಿಯರ ಬೆಂಚುಗಳು ಅವರಿಗೆ ಬಹಳ ತಗ್ಗಾದುದರಿಂದ ಕಿಟಕಿಯ ಬಳಿ ಎತ್ತರದ ಮೇಜೊಂದನ್ನು ಹಾಕಿಸಿದ್ದೇವೆ. ಅದರ ಸುತ್ತ ಆರು ಕುರ್ಚಿಗಳಿವೆ.