ಹೊಳೆಯ ಈಚೆಯೋ, ಆಚೆಯೋ?

ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ನೌಕರಿ ಮುಗಿಸಿ ಊರಿಗೆ ಮರಳಬಯಸುವ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ಸರ್, ಹೊನ್ನಾವರದಲ್ಲಿ ಮನೆ ಮಾಡುವುದಾದರೆ ಪ್ರಭಾತನಗರ ಒಳ್ಳೆಯದೋ, ಶರಾವತಿಯ ಆಚೆ ದಡದ ಕಾಸರಕೋಡ ಒಳ್ಳೆಯದೋ?"

ಕಾಸರಕೋಡಿನ ಚೆಲುವನ್ನು ಅಲ್ಲಗಳೆಯಲಾಗದು. ಅಲ್ಲಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆಯಿತು, ಅಪ್ಸರಕೊಂಡವೂ ಸಮೀಪ. ಆದರೆ ಅದೇ ಊರಿನ ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯನ್ನು ವಿರೋಧಿಸಿ ಮೀನುಗಾರ ಕುಟುಂಬಗಳು ವರ್ಷಗಟ್ಟಲೆ ಹೋರಾಡಿವೆ. ನಮಗೆ ಕಡಲು ಸಂಜೆಯ ನೋಟ, ಅವರಿಗೆ ಅನ್ನ. ನಿವೇಶನ ಕೊಳ್ಳುವವರು ಇದನ್ನು ತಿಳಿದೇ ಮುಂದುವರಿಯಬೇಕು.

ಪ್ರಭಾತನಗರಕ್ಕೆ ಅಂಥ ನೋಟವಿಲ್ಲ. ಅಲ್ಲಿರುವುದು 1964ರಲ್ಲಿ ಆರಂಭವಾದ ಎಸ್.ಡಿ.ಎಂ. ಕಾಲೇಜು, ಮಕ್ಕಳ ಓಡಾಟ, ಸಮೀಪದ ಪೇಟೆ. ಎಪ್ಪತ್ತು ದಾಟಿದವರಿಗೆ ಔಷಧದ ಅಂಗಡಿ, ಬ್ಯಾಂಕು, ತಾಲೂಕು ಆಸ್ಪತ್ರೆಗಳು ಸೇತುವೆ ದಾಟದೆ ಸಿಗುವುದೇ ದೊಡ್ಡ ಸೌಕರ್ಯ. ಆದುದರಿಂದ ವೃದ್ಧಾಪ್ಯಕ್ಕೆ ನನ್ನ ಮತ ಪ್ರಭಾತನಗರಕ್ಕೆ.

ಎಲ್ಲಿಯೇ ಕೊಳ್ಳುವುದಿದ್ದರೂ ಜಾಗವನ್ನು ಎರಡು ಬಾರಿ ನೋಡಬೇಕು. ಆಷಾಢದಲ್ಲಿ ಒಮ್ಮೆ ನೋಡಿದರೆ ನೀರು ಎಲ್ಲಿ ನಿಲ್ಲುತ್ತದೆಂಬುದು ತಿಳಿಯುತ್ತದೆ. ವೈಶಾಖದಲ್ಲಿ ನೋಡಿದರೆ ಬಾವಿಯ ನೀರು ಬತ್ತುವುದೋ, ಉಪ್ಪಾಗುವುದೋ ಎಂಬುದು ಗೊತ್ತಾಗುತ್ತದೆ. ಡಿಸೆಂಬರಿನ ರಜೆಯಲ್ಲಿ ನಮ್ಮ ಕರಾವಳಿಯ ಎಲ್ಲ ಜಾಗಗಳೂ ಚೆನ್ನಾಗಿಯೇ ಕಾಣುತ್ತವೆ.

ಆದರೆ ಯಾವ ದಡವೂ ನೀಗಿಸಲಾರದ ಕೊರತೆಯೊಂದಿದೆ. ಭಟ್ಕಳ, ಹೊನ್ನಾವರ, ಕುಮಟಾದವರು ಗಂಭೀರ ಚಿಕಿತ್ಸೆಗಾಗಿ ಮಣಿಪಾಲವನ್ನೋ ಮಂಗಳೂರನ್ನೋ ಹುಬ್ಬಳ್ಳಿಯನ್ನೋ ಗೋವೆಯನ್ನೋ ನೆಚ್ಚಿ ಬಂದವರು. ಹೊನ್ನಾವರದಿಂದ ಮಣಿಪಾಲ 100 ಕಿಲೋಮೀಟರಿಗೂ ದೂರ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಮಡಿದರು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ದಕ್ಷಿಣದಲ್ಲೊಂದು ಶಿರೂರು, ಉತ್ತರದಲ್ಲೊಂದು ಶಿರೂರು, ನಡುವೆ ನಾವು.

ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಕೂಗೆಬ್ಬಿಸಿದವರಲ್ಲಿ ಹೆಚ್ಚಿನವರು ನಿಮ್ಮಂಥ ಎಳೆಯರೇ. ಊರಿಗೆ ಮರಳಿದ ಮೇಲೆ ಆ ದನಿ ಅಡಗಬಾರದು. ಕಚೇರಿಗಳ ವ್ಯವಹಾರ ಬಲ್ಲವರು, ಪತ್ರ ಬರೆಯಬಲ್ಲವರು, ಬಿಡುವುಳ್ಳವರು ಊರಿನಲ್ಲಿ ನೆಲೆಸಿದರೆ ಈ ಬೇಡಿಕೆಗೆ ಬಲ ಬಂದೀತು. ಮನೆ ಯಾವ ದಡದಲ್ಲಾದರೂ ಇರಲಿ, ಆ ಕೆಲಸಕ್ಕೆ ಎಲ್ಲರೂ ಕೂಡಿರಿ.